ಉಂಡ ಮೇಲೆ ಹೊಟ್ಟೆ ಹಿಡಿದು ಅಳುವ ಮಗುವಿಗೆ ಲ್ಯಾಕ್ಟೇಸ್ ಡ್ರಾಪ್ಸ್: ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮೊದಲು ತೀರ್ಪು. ಲ್ಯಾಕ್ಟೇಸ್ ಡ್ರಾಪ್ಸ್ ದಿನಾ ಕೊಡುವ ಔಷಧವಾಗಿ ಸಾಧಾರಣ. ಮಗುವಿನ ಹೊಟ್ಟೆನೋವಿಗೆ ಹಾಲಿನ ಸಕ್ಕರೆ ಕಾರಣವೋ ಅಲ್ಲವೋ ಎಂದು ಮೂರು ವಾರದಲ್ಲಿ ತಿಳಿಯುವ ಸಾಧನವಾಗಿ ತುಂಬಾ ಒಳ್ಳೆಯದು. ಕೊಂಡವರಲ್ಲಿ ಹೆಚ್ಚಿನವರು ಇದನ್ನು ಔಷಧದಂತೆ ಬಳಸುತ್ತಾರೆ, ನಾಲ್ಕು ದಿನ ಕೊಟ್ಟು "ಉಪಯೋಗವಿಲ್ಲ" ಎಂದು ಬಿಟ್ಟುಬಿಡುತ್ತಾರೆ. ತಪ್ಪು ಬಹುತೇಕ ಬಾಟಲಿಯದಲ್ಲ, ಬಳಸಿದ ಕ್ರಮದ್ದು.

ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಸಣ್ಣ ಕರುಳಿನ ಒಳಪದರದಲ್ಲಿರುವ ಲ್ಯಾಕ್ಟೇಸ್ ಕಿಣ್ವ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುತ್ತದೆ. ಕಿಣ್ವ ಸಾಲದಿದ್ದರೆ ಸಕ್ಕರೆ ಹಾಗೆಯೇ ಮುಂದೆ ಸಾಗಿ ಕರುಳಿನೊಳಕ್ಕೆ ನೀರು ಎಳೆದುಕೊಳ್ಳುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟಿಸುತ್ತವೆ. ಹಾಲು ಕುಡಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆ ಉಬ್ಬಿ, ಗುಡುಗುಟ್ಟಿ, ನುಲಿದು, ಕೊನೆಗೆ ಹುಳಿ ವಾಸನೆಯ ನೀರು ಭೇದಿಯಾಗುವುದು ಇದರಿಂದಲೇ. ಡೈಪರ್ ಜಾಗ ಬೇಗ ಕೆಂಪಾಗುವುದಕ್ಕೂ ಮಲದಲ್ಲಿರುವ ಆ ಹುಳಿಯೇ ಕಾರಣ. ಡ್ರಾಪ್ಸ್ ಮಾಡುವ ಕೆಲಸ ಒಂದೇ: ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಡುವುದು. ನೋವಿಗೆ ಬೇರೆ ಕಾರಣವಿದ್ದರೆ ಇದರಿಂದ ಏನೂ ಆಗುವುದಿಲ್ಲ. ಹಾಗೆ ಏನೂ ಆಗದಿರುವುದೂ ನಮಗೆ ಒಂದು ಉತ್ತರ.

ಕೊಳ್ಳುವಾಗ ಲೇಬಲ್ಲಿನಲ್ಲಿ ನೋಡಬೇಕಾದ್ದು ಕಿಣ್ವದ ಮೂಲ. ಕ್ಲುವೆರೋಮೈಸಿಸ್ ಎಂಬ ಯೀಸ್ಟಿನಿಂದ ತೆಗೆದ ಲ್ಯಾಕ್ಟೇಸ್ ಹಾಲಿನಂಥ ಹುಳಿಯಿಲ್ಲದ ದ್ರವದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಜಠರದ ಆಮ್ಲಕ್ಕೆ ಸಿಕ್ಕರೆ ಕೆಡುತ್ತದೆ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದಿಂದ ತೆಗೆದದ್ದು ಆಮ್ಲವನ್ನು ತಡೆದುಕೊಳ್ಳುತ್ತದೆ. ಅಗಿಯುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಇದು. ಯೀಸ್ಟ್ ಮೂಲದ ಹನಿಗಳನ್ನು ನೇರವಾಗಿ ಮಗುವಿನ ಬಾಯಿಗೆ ಹಾಕಿ ಮೇಲೆ ಹಾಲು ಕುಡಿಸಿದರೆ ಹೆಚ್ಚಿನ ಪಾಲು ಹೊಟ್ಟೆಯಲ್ಲೇ ವ್ಯರ್ಥ. "ಕೊಟ್ಟರೂ ಕಡಿಮೆಯಾಗಲಿಲ್ಲ" ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಂದ ಬಂದವು. ಅಗಿಯುವ ಮಾತ್ರೆ ತೀರಾ ಚಿಕ್ಕ ಮಕ್ಕಳಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ.

ಬಳಸುವ ಸರಿಯಾದ ಕ್ರಮ ಹೀಗೆ. ಹಾಲನ್ನು ಕಾಯಿಸುವುದಿದ್ದರೆ ಕಾಯಿಸಿ, ಪೂರ್ತಿ ಆರಿಸಿ, ಆಮೇಲೆ ಹನಿ ಹಾಕಿ. ಬಿಸಿ ಹಾಲು ಕಿಣ್ವವನ್ನು ಕೊಂದುಬಿಡುತ್ತದೆ. ಚೆನ್ನಾಗಿ ಕಲಕಿ, ಮುಚ್ಚಿ, ಫ್ರಿಜ್ಜಿನಲ್ಲಿ 24 ಗಂಟೆ ಇಡಿ. ಒಂದು ಲೀಟರಿಗೆ 5 ಹನಿಯಿಂದ 15 ಹನಿಯವರೆಗೆ ಎಂದು ಬಾಟಲಿಗಳ ಮೇಲೆ ಇರುವುದು ವಾಡಿಕೆ. ಒಂದೊಂದು ತಯಾರಿಕೆಯ ಬಲ ಒಂದೊಂದು ರೀತಿ ಇರುವುದರಿಂದ ನಿಮ್ಮ ಬಾಟಲಿಯ ಲೆಕ್ಕವನ್ನೇ ಹಿಡಿಯಿರಿ, ಪರೀಕ್ಷೆಗಾಗಿ ಬಳಸುವಾಗ ಅದರಲ್ಲಿ ಹೇಳಿದ ಗರಿಷ್ಠ ಪ್ರಮಾಣವನ್ನೇ ಹಾಕಿ. ಅರೆಬರೆ ಒಡೆದ ಹಾಲು ಅರೆಬರೆ ಉತ್ತರವನ್ನೇ ಕೊಡುತ್ತದೆ. 24 ಗಂಟೆ ಕಳೆದ ಮೇಲೆ ಹಾಲನ್ನು ಬೆಚ್ಚಗೆ ಮಾಡಿ ಕೊಡಬಹುದು, ಅಷ್ಟರಲ್ಲಿ ಸಕ್ಕರೆ ಒಡೆದಾಗಿರುತ್ತದೆ.

ಬಾಟಲಿ ನಿಜಕ್ಕೂ ಕೆಲಸ ಮಾಡುತ್ತಿದೆಯೇ? ಮನೆಯಲ್ಲೇ ನೋಡಬಹುದು. ಮೂತ್ರದಲ್ಲಿ ಗ್ಲೂಕೋಸ್ ನೋಡುವ ಕಾಗದದ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬರಿ ಹಾಲಿಗೆ ಅದ್ದಿದರೆ ಬಣ್ಣ ಬದಲಾಗಬಾರದು, ಏಕೆಂದರೆ ಹಾಲಿನಲ್ಲಿ ಬಿಡಿ ಗ್ಲೂಕೋಸ್ ಇಲ್ಲವೆನ್ನುವಷ್ಟು ಕಡಿಮೆ. ಹನಿ ಹಾಕಿಟ್ಟ ಹಾಲಿಗೆ ಅದ್ದಿದರೆ ಎದ್ದು ಕಾಣುವಂತೆ ಬದಲಾಗಬೇಕು. ಬದಲಾಗದಿದ್ದರೆ ಬಾಟಲಿ ಸತ್ತಿದೆ ಎಂದೇ ಅರ್ಥ: ಅವಧಿ ಮುಗಿದಿರಬಹುದು, ಇಲ್ಲವೇ ಬಿಸಿಲಲ್ಲಿ ಕೆಟ್ಟಿರಬಹುದು. ಪಟ್ಟಿ ಇಲ್ಲದಿದ್ದರೆ ನಾಲಿಗೆಯೂ ಸಾಕು. ಲ್ಯಾಕ್ಟೋಸಿಗಿಂತ ಒಡೆದ ಸಕ್ಕರೆಗಳು ಸಿಹಿ ಹೆಚ್ಚು, ಹಾಲು ಸಕ್ಕರೆ ಹಾಕಿದಂತೆ ರುಚಿಸುತ್ತದೆ.

ಈಗ ಮೂರು ವಾರದ ಪರೀಕ್ಷೆ. ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ ಅಷ್ಟೇ. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಿಗೆ, ನೋವು ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು, ಮಲ ಹೇಗಿತ್ತು. "ಮಧ್ಯಾಹ್ನ ಹೊಟ್ಟೆನೋವು" ಎಂಬ ಸಾಲಿನಿಂದ ಪ್ರಯೋಜನವಿಲ್ಲ. "1.10ಕ್ಕೆ 200 ಮಿಲಿ ಹಾಲು, 2.00ಕ್ಕೆ ಹೊಟ್ಟೆ ಉಬ್ಬರ, 2.30ಕ್ಕೆ ನೀರು ಭೇದಿ" ಎಂಬ ಸಾಲಿನಿಂದ ವೈದ್ಯರಿಗೆ ಅರ್ಧ ಕೆಲಸ ಮುಗಿಯುತ್ತದೆ. ಎರಡನೇ ವಾರ ಅಷ್ಟೇ ಪ್ರಮಾಣದ ಹಾಲು, ಆದರೆ ಹನಿ ಹಾಕಿಟ್ಟದ್ದು. ಮೂರನೇ ವಾರ ಮತ್ತೆ ಮೊದಲಿನ ಹಾಲು. ಎರಡನೇ ವಾರ ಕಡಿಮೆಯಾಗಿ ಮೂರನೇ ವಾರ ಮರುಕಳಿಸಿದರೆ ಮಾತ್ರ ಲ್ಯಾಕ್ಟೋಸ್ ಕಾರಣವೆಂದು ಹೇಳಬಹುದು. ಈ ಮೂರನೇ ವಾರವನ್ನು ಯಾರೂ ಬಿಡಬಾರದು. ಮಕ್ಕಳ ಹೊಟ್ಟೆನೋವು ತಾನಾಗಿಯೇ ಬಂದು ಹೋಗುವಂಥದ್ದು, ಹನಿ ಹಾಕಿದ ವಾರವೇ ಅದು ತಾನಾಗಿ ಇಳಿದಿರಲೂಬಹುದು. ಗುಣವಾದ ಮಗುವಿಗೆ ಮತ್ತೆ ನೋವು ಬರಬಹುದೆಂದು ಗೊತ್ತಿದ್ದೂ ಕೊಡಲು ಮನಸ್ಸು ಬಾರದಿರುವುದು ಸಹಜ. ಅರ್ಧ ಲೋಟದಿಂದ ಶುರು ಮಾಡಿ, ಲಕ್ಷಣ ಕಂಡ ಕೂಡಲೇ ನಿಲ್ಲಿಸಿ. ಅಷ್ಟು ಸಾಕು. ಸಾಧ್ಯವಾದರೆ ಹಾಲು ತಯಾರಿಸುವವರೇ ಬೇರೆ, ನೋವು ಬರೆದಿಡುವವರೇ ಬೇರೆ ಆಗಿರಲಿ. ಯಾವ ವಾರ ಯಾವ ಹಾಲು ಎಂದು ಬರೆಯುವವರಿಗೆ ಗೊತ್ತಿಲ್ಲದಿದ್ದರೆ ಬರಹ ಹೆಚ್ಚು ನಂಬಿಕೆಗೆ ಅರ್ಹ.

ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಬಚ್ಚಿಟ್ಟ ಲ್ಯಾಕ್ಟೋಸಿನಿಂದ. ಹನಿ ಹಾಕಿದ್ದು ಹಾಲಿಗೆ ಮಾತ್ರ. ಐಸ್‌ಕ್ರೀಮ್, ಚಾಕೊಲೇಟ್, ಹಾಲಿನ ಪುಡಿ ಸೇರಿದ ಬಿಸ್ಕತ್ತು, ಕೆಲವು ಔಷಧಿಗಳಲ್ಲೂ ಲ್ಯಾಕ್ಟೋಸ್ ಇರುತ್ತದೆ. ಲೇಬಲ್ಲಿನಲ್ಲಿ ಹಾಲಿನ ಪುಡಿ, ವೇ ಪುಡಿ (ಹಾಲು ಒಡೆದಾಗ ಉಳಿಯುವ ನೀರಿನ ಪುಡಿ), ಹಾಲಿನ ಘನಾಂಶ ಎಂದಿದ್ದರೆ ಆ ವಾರ ಬದಿಗಿಡಿ. ಮೊಸರಿನಲ್ಲಿ ಲ್ಯಾಕ್ಟೋಸ್ ಕಡಿಮೆ, ಜೀವಂತ ಬ್ಯಾಕ್ಟೀರಿಯಾಗಳೂ ಅದನ್ನು ಒಡೆಯಲು ನೆರವಾಗುತ್ತವೆ. ಹಳೆಯ ಗಟ್ಟಿ ಚೀಸಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 100 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 5 ಗ್ರಾಂ ಇರುತ್ತದೆ, ಅಂದರೆ ಒಂದು ಲೋಟಕ್ಕೆ 10 ಗ್ರಾಂ. ಕೊರತೆಯಿದ್ದವರೂ ಸ್ವಲ್ಪ ಪ್ರಮಾಣವನ್ನು, ಅದರಲ್ಲೂ ಊಟದ ಜೊತೆ, ತಡೆದುಕೊಳ್ಳುತ್ತಾರೆ. ಹಾಲನ್ನು ಪೂರ್ತಿ ಬಿಡಿಸಿ ಮಗುವಿನ ಕ್ಯಾಲ್ಸಿಯಂ ಕಡಿತ ಮಾಡುವ ಅಗತ್ಯ ಬಹಳ ಸಲ ಇರುವುದಿಲ್ಲ.

ವಯಸ್ಸನ್ನೂ ನೋಡಬೇಕು. ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದಿರುವುದು ಅತಿ ಅಪರೂಪ. ಬೆಳೆಯುತ್ತಾ ಕಡಿಮೆಯಾಗುವ ಬಗೆ 2–3 ವರ್ಷಕ್ಕೆ ಮೊದಲು ಸಾಮಾನ್ಯವಾಗಿ ತೋರುವುದಿಲ್ಲ. ಹಾಗಾಗಿ ಅದಕ್ಕಿಂತ ಚಿಕ್ಕ ಮಗುವಿಗೆ ಡ್ರಾಪ್ಸಿನಿಂದ ಗುಣ ಕಂಡರೆ "ಸಮಸ್ಯೆ ಸಿಕ್ಕಿತು" ಎಂದು ನಿಲ್ಲಿಸಬಾರದು. ಕರುಳಿನ ಒಳಪದರ ಏಕೆ ಕೆಟ್ಟಿದೆ ಎಂದು ಕೇಳಬೇಕು. ವಾಂತಿಭೇದಿಯ ಸೋಂಕು ಬಂದು ಹೋದ ಮೇಲೆ ಕೆಲವು ವಾರ ಹೀಗಾಗುವುದುಂಟು, ಒಳಪದರ ಮತ್ತೆ ಬೆಳೆದ ಹಾಗೆ ಸರಿಹೋಗುತ್ತದೆ. ಜಿಯಾರ್ಡಿಯಾ ಎಂಬ ಪರಾವಲಂಬಿ ಜೀವಿಯೂ ಹೀಗೆ ಮಾಡುತ್ತದೆ. ಅದು ಮಲದಲ್ಲಿ ದಿನವೂ ಬೀಳುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ನೋಡುವುದಾದರೆ ಬೇರೆ ಬೇರೆ ದಿನದ ಮೂರು ಮಾದರಿ ಕೊಡಬೇಕು. ಇನ್ನೊಂದು ಕಾರಣ ಸೀಲಿಯಾಕ್ ಕಾಯಿಲೆ: ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್‌ಗೆ ದೇಹ ತಿರುಗಿಬಿದ್ದು ಕರುಳಿಗೆ ಹಾನಿ ಮಾಡುವುದು. ಇದಕ್ಕೆ ಟಿಟಿಜಿ-ಐಜಿಎ ರಕ್ತಪರೀಕ್ಷೆ ಇದೆ (ಐಜಿಎ ಎಂದರೆ ದೇಹ ತಯಾರಿಸುವ ಒಂದು ಬಗೆಯ ಪ್ರತಿಕಾಯ), ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ನೋಡಬೇಕು. ದಯವಿಟ್ಟು ಗಮನಿಸಿ: ರಕ್ತ ಕೊಡುವ ಮುನ್ನ ಗೋಧಿ ಬಿಡಿಸಬೇಡಿ. ಗ್ಲುಟೆನ್ ತಿನ್ನದ ಮಗುವಿನ ಫಲಿತಾಂಶ ಸುಳ್ಳಾಗಿ ಸಹಜವೆಂದು ಬರಬಹುದು. ಅಂತರ್ಜಾಲದ ಸಲಹೆ ನಂಬಿ ಮೊದಲು ಗೋಧಿ ಬಿಡಿಸಿ, ಆಮೇಲೆ ವೈದ್ಯರ ಬಳಿ ಹೋಗುವುದು ಈ ವಿಷಯದಲ್ಲಿ ನಾವು ಕಂಡ ಅತ್ಯಂತ ದುಬಾರಿ ತಪ್ಪು.

ಹಾಲಿನ ಪ್ರೋಟೀನಿನ ಅಲರ್ಜಿ ಸಂಪೂರ್ಣ ಬೇರೆ ವಿಷಯ. ಡ್ರಾಪ್ಸ್ ಒಡೆಯುವುದು ಸಕ್ಕರೆಯನ್ನು, ಪ್ರೋಟೀನನ್ನು ಮುಟ್ಟುವುದಿಲ್ಲ. ಹಾಲು ಕುಡಿದ ಮೇಲೆ ಮೈಮೇಲೆ ದದ್ದು, ತುಟಿ ಊತ, ಕೆಮ್ಮು, ಉಬ್ಬಸ, ಪದೇ ಪದೇ ವಾಂತಿ, ಇಲ್ಲವೇ ಮಲದಲ್ಲಿ ಲೋಳೆ ಅಥವಾ ರಕ್ತ ಕಂಡರೆ ಡ್ರಾಪ್ಸ್ ಪ್ರಯೋಗವನ್ನೇ ಮಾಡಬೇಡಿ, ಲ್ಯಾಕ್ಟೋಸ್ ರಹಿತ ಹಾಲನ್ನೂ ಕೊಡಬೇಡಿ. ಗ್ಯಾಲಕ್ಟೋಸೀಮಿಯಾ (ಗ್ಯಾಲಕ್ಟೋಸನ್ನು ದೇಹ ಬಳಸಿಕೊಳ್ಳಲಾರದ ಹುಟ್ಟು ಕಾಯಿಲೆ) ಇರುವ ಮಗುವಿಗೂ ಇದು ಸಲ್ಲದು. ವರ್ಷ ತುಂಬದ ಕೂಸಿಗೆ ಮಕ್ಕಳ ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಇದೇ ಕಪಾಟಿನಲ್ಲಿ ಸಿಗುವ ಉಳಿದ ಸರಕುಗಳ ಬಗ್ಗೆ. ಬೆರಳು ಚುಚ್ಚಿ ರಕ್ತ ಕಳಿಸಿದರೆ ನೂರಾರು ಆಹಾರಗಳ "ಅಸಹಿಷ್ಣುತೆ" ಪಟ್ಟಿ ಕೊಡುವ, ಐಜಿಜಿ ಎಂಬ ಪ್ರತಿಕಾಯ ನೋಡುವ ಕಿಟ್‌ಗಳನ್ನು ಕೊಳ್ಳಲೇಬೇಡಿ. ಐಜಿಜಿ ಇದೆ ಎಂದರೆ ಮಗು ಆ ಆಹಾರ ತಿಂದಿದೆ ಎಂದಷ್ಟೇ ಅರ್ಥ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಇಂಥ ಪರೀಕ್ಷೆ ಬೇಡವೆಂದು ಹೇಳಿದೆ. ಮಗು ದಿನಾ ತಿನ್ನುವ ಪದಾರ್ಥಗಳೇ ಪಟ್ಟಿಯಲ್ಲಿ ಕೆಂಪಾಗಿ ಬರುತ್ತವೆ, ಹೆತ್ತವರು ಹೆದರಿ ಒಂದೊಂದಾಗಿ ತೆಗೆಯುತ್ತಾರೆ, ಬೆಳೆಯುವ ಮಗುವಿನ ತಟ್ಟೆ ಖಾಲಿಯಾಗುತ್ತದೆ. ಇದು ಹಣದ ನಷ್ಟಕ್ಕಿಂತ ದೊಡ್ಡ ನಷ್ಟ. ಹೊಟ್ಟೆಯ ಗಾಳಿಗುಳ್ಳೆ ಒಡೆಯುವ ಸೈಮೆಥಿಕೋನ್ ಹನಿ ನಿರಪಾಯಕಾರಿ, ಆದರೆ ಕೂಸುಗಳ ಹೊಟ್ಟೆ ನುಲಿತಕ್ಕೆ ಅದು ಔಷಧವಿಲ್ಲದ ಹುಸಿ ಹನಿಗಿಂತ ಮೇಲೆಂದು ಸಾಬೀತಾಗಿಲ್ಲ. ಗ್ರೈಪ್ ವಾಟರ್‌ಗೂ ಅಂಥ ಆಧಾರವಿಲ್ಲ.

ಉಸಿರಿನ ಹೈಡ್ರೋಜನ್ ಪರೀಕ್ಷೆಗೆ ಒಳ್ಳೆಯ ಅಂಕ, ಆದರೆ ಸೂಚನೆಯಂತೆ ಊದಬಲ್ಲ ಮಗುವಿಗೆ ಮಾತ್ರ. ಸಾಮಾನ್ಯವಾಗಿ 5 ವರ್ಷದ ಮೇಲೆ ಸುಲಭ. ರಾತ್ರಿಯಿಡೀ ಉಪವಾಸವಿದ್ದು, ಲ್ಯಾಕ್ಟೋಸ್ ದ್ರಾವಣ ಕುಡಿಸಿ, ಅರ್ಧ ಗಂಟೆಗೊಮ್ಮೆ ಎರಡು ಮೂರು ಗಂಟೆ ಊದಿಸುತ್ತಾರೆ. ಮೊದಲ ಅಳತೆಗಿಂತ ಹತ್ತು ಲಕ್ಷಕ್ಕೆ 20 ಭಾಗ ಏರಿದರೆ ಲ್ಯಾಕ್ಟೋಸ್ ಜೀರ್ಣವಾಗುತ್ತಿಲ್ಲ ಎಂದು ಲೆಕ್ಕ. ಹಿಂದಿನ ನಾಲ್ಕು ವಾರದಲ್ಲಿ ಆಂಟಿಬಯಾಟಿಕ್ ಕೊಟ್ಟಿದ್ದರೆ ಮೊದಲೇ ಹೇಳಿ, ಹೈಡ್ರೋಜನ್ ಹುಟ್ಟಿಸುವ ಬ್ಯಾಕ್ಟೀರಿಯಾ ಕಡಿಮೆಯಾಗಿ ಉತ್ತರ ತಪ್ಪುತ್ತದೆ.

ಡ್ರಾಪ್ಸ್ ಹಾಕಿಯೂ ನೋವು ಅಷ್ಟೇ ಇದ್ದರೆ ಬೇರೆ ಪದಾರ್ಥ ಹುಡುಕುವ ಮೊದಲು ಮಲಬದ್ಧತೆಯನ್ನು ನೋಡಿ. ಉಂಡ ಕೂಡಲೇ ದೊಡ್ಡ ಕರುಳು ಚುರುಕಾಗುವುದು ಎಲ್ಲರಲ್ಲೂ ಸಹಜ. ಅಲ್ಲಿ ಗಟ್ಟಿ ಮಲ ತುಂಬಿದ್ದರೆ ಅದೇ ಚುರುಕು ನೋವಾಗುತ್ತದೆ. ಯಾವ ಆಹಾರ ಕೊಟ್ಟರೂ ನೋವು, ತಿಂದ ಹತ್ತು ಹದಿನೈದು ನಿಮಿಷಕ್ಕೇ ನೋವು, ಮಲ ಹೋದ ಮೇಲೆ ಆರಾಮ ಎಂದಿದ್ದರೆ ಇದೇ ಇರಬೇಕು. ದಿನಾ ಕೊಂಚ ಕೊಂಚ ಮಲ ಹೋಗುತ್ತಿದ್ದರೂ ಒಳಗೆ ತುಂಬಿಕೊಂಡಿರಬಹುದು, ಗಟ್ಟಿ ಮಲದ ಪಕ್ಕದಿಂದ ತೆಳ್ಳಗೆ ಸೋರಿ ಭೇದಿಯಂತೆ ಕಾಣಲೂಬಹುದು. ಊಟವಾದ ಮೇಲೆ ಕಾಲಡಿಗೆ ಮಣೆ ಕೊಟ್ಟು 5ರಿಂದ 10 ನಿಮಿಷ ಕೂರಿಸುವ ಅಭ್ಯಾಸ ಮಾಡಿಸಿ. ಇನ್ನೊಂದು ಕಾರಣ ಹಣ್ಣಿನ ರಸ: ಸೇಬು, ಮರಸೇಬು (ಪೇರ್) ರಸದಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ ಮತ್ತು ಸಾರ್ಬಿಟಾಲ್ ಎಂಬ ಸಕ್ಕರೆಯಂಥ ವಸ್ತು ಕೂಡ ಲ್ಯಾಕ್ಟೋಸಿನಂತೆಯೇ ನೀರೆಳೆದು ಹುಳಿಯುತ್ತವೆ. ಒಂದು ವರ್ಷದೊಳಗೆ ರಸ ಬೇಡ, 1ರಿಂದ 3 ವರ್ಷದವರೆಗೆ ದಿನಕ್ಕೆ 120 ಮಿಲಿ ದಾಟಬಾರದು.

ಇವು ಕಂಡರೆ ಬರೆಯುತ್ತಾ ಕೂರಬೇಡಿ, ವೈದ್ಯರ ಬಳಿ ಹೋಗಿ: ತೂಕ ಇಳಿಯುವುದು ಅಥವಾ ಏರದಿರುವುದು, ನಿದ್ದೆಯಿಂದ ಎಬ್ಬಿಸುವ ನೋವು, ಹೊಕ್ಕುಳಿನಿಂದ ದೂರ ಒಂದೇ ಕಡೆ ನಿಂತ ನೋವು, ಬಿಡದ ಜ್ವರ, ನುಂಗಲು ಕಷ್ಟ, ಮಲದಲ್ಲಿ ರಕ್ತ. ಹಸಿರು ವಾಂತಿ, ಕಲ್ಲಿನಂತೆ ಬಿಗಿದ ಹೊಟ್ಟೆ, ಕಾಲು ಮಡಚಿ ಚೀರಿ ಅತ್ತು ನಡುನಡುವೆ ಬಿಳಿಚಿಕೊಂಡು ಸುಸ್ತಾಗುವ ಎಳೆಗೂಸು, ಉಸಿರಾಟದ ತೊಂದರೆ ಇದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ. ತಿಂದು ಒಂದರಿಂದ ನಾಲ್ಕು ಗಂಟೆಯ ನಂತರ ಮತ್ತೆ ಮತ್ತೆ ವಾಂತಿಯಾಗಿ ಮಗು ನಿತ್ರಾಣವಾಗಿ ಜೋತುಬಿದ್ದರೂ ಹಾಗೆಯೇ. ಆಗ ಏನು ತಿಂದಿತ್ತು ಎಂಬುದನ್ನು ಮರೆಯದೆ ಹೇಳಿ.

ಪರೀಕ್ಷೆಯಲ್ಲಿ ಲ್ಯಾಕ್ಟೋಸ್ ಎಂದೇ ಗೊತ್ತಾದ ಮೇಲೆ ಡ್ರಾಪ್ಸ್ ಮುಂದುವರಿಸಬಹುದು. ತೆರೆದ ಬಾಟಲಿ ಫ್ರಿಜ್ಜಿನಲ್ಲಿರಲಿ, ತೆರೆದ ದಿನಾಂಕ ಅದರ ಮೇಲೇ ಬರೆಯಿರಿ. ಸೋಂಕಿನ ನಂತರ ಬಂದ ತೊಂದರೆಯಾದರೆ ನಾಲ್ಕು ವಾರಕ್ಕೊಮ್ಮೆ ಅರ್ಧ ಲೋಟ ಬರಿ ಹಾಲು ಕೊಟ್ಟು ನೋಡಿ. ಎರಡು ದಿನ ಏನೂ ಆಗದಿದ್ದರೆ ಪೂರ್ತಿ ಲೋಟ ಕೊಡಿ. ಅದೂ ಒಗ್ಗಿದರೆ ಡ್ರಾಪ್ಸ್ ನಿಲ್ಲಿಸಿ, ಮತ್ತೆ ಕೊಳ್ಳುವ ಅಗತ್ಯವಿಲ್ಲ.