ಟ್ಯಾಪೆಟ್ ಸೆಟ್ಟಿಂಗ್: ಕೈಯಂದಾಜು, ಫೀಲರ್ ಗೇಜ್, ಸ್ಕ್ರೂ ಲೆಕ್ಕ

ಸ್ಪ್ಲೆಂಡರ್ ಬೈಕಿನ ಟ್ಯಾಪೆಟ್ ಗ್ಯಾಪ್ (ವಾಲ್ವನ್ನು ಒತ್ತುವ ರಾಕರ್ ತೋಳಿನ ಸ್ಕ್ರೂ ತುದಿಗೂ ವಾಲ್ವ್ ಕಾಂಡದ ತುದಿಗೂ ನಡುವಿನ ಸಂದು) ಸೆಟ್ ಮಾಡಲು ಮೂರು ದಾರಿಗಳನ್ನೂ ನಾನೇ ಮಾಡಿ ನೋಡಿದ್ದೇನೆ. ರಾಕರನ್ನು ಬೆರಳಲ್ಲಿ ಅಲ್ಲಾಡಿಸಿ ಅಂದಾಜು ಹಿಡಿಯುವುದು ಒಂದು, ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಲೋಹದ ಪಟ್ಟಿಗಳ ಸೆಟ್) ತೂರಿಸಿ ನೋಡುವುದು ಇನ್ನೊಂದು, ಸ್ಕ್ರೂವನ್ನು ಲೆಕ್ಕ ಹಾಕಿ ತಿರುಗಿಸುವುದು ಮೂರನೆಯದು. ಹೊಸದಾಗಿ ಕೈ ಹಾಕುವವರಿಗೆ ಗೇಜೇ ಸರಿ.

ಮೊದಲರ್ಧ ಕೆಲಸ ಎಲ್ಲದಕ್ಕೂ ಒಂದೇ. ಇಂಜಿನ್ ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿರಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟರೆ ಹಗುರಾಗಿ ತಿರುಗುತ್ತದೆ. ಎಡಗಡೆ ಮ್ಯಾಗ್ನೆಟ್ ಕವರಿನ ಎರಡೂ ಮುಚ್ಚಳ ತೆಗೆದು, ನಟ್ಟಿಗೆ ಪಾನಾ ಹಾಕಿ, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸುತ್ತಾ ‘ಟಿ’ ಗುರುತನ್ನು ಕಿಂಡಿಯ ಗುರುತಿಗೆ ತನ್ನಿ. ಎರಡೂ ರಾಕರ್ ಸಡಿಲವಾಗಿದ್ದರೆ ಇಂಜಿನ್ ಕಂಪ್ರೆಷನ್‌ನಲ್ಲಿದೆ (ಪಿಸ್ಟನ್ ಮೇಲಿದೆ, ಎರಡೂ ವಾಲ್ವ್ ಮುಚ್ಚಿವೆ) ಎಂದರ್ಥ. ಬಿಗಿಯಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

ಕೈಯಂದಾಜು ಅನುಭವಸ್ಥ ಮೇಸ್ತ್ರಿಗಳ ಬೆರಳಿಗೆ ಒಗ್ಗಿದ ವಿದ್ಯೆ. ನಮ್ಮ ಬೆರಳಿಗೆ 0.05 ಮಿ.ಮೀ.ಗೂ 0.08ಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆಗ ಕಿವಿಯನ್ನು ನಂಬಿ, ಟಿಕ್ ಟಿಕ್ ಸದ್ದು ನಿಲ್ಲುವ ತನಕ ಬಿಗಿ ಮಾಡುತ್ತೇವೆ. ನನಗೆ ಭಯವಿರುವುದು ಇಲ್ಲಿಯೇ. ಗ್ಯಾಪೇ ಇಲ್ಲದಿದ್ದರೆ ಇಂಜಿನ್ ಕಾದಾಗ ವಾಲ್ವ್ ತನ್ನ ಸೀಟಿನ (ಅದು ಕೂತು ಮುಚ್ಚುವ ಬಳೆಯ) ಮೇಲೆ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಸೀಟಿಗೇ ಬಿಟ್ಟುಕೊಡಬೇಕು. ಕೂರದಿದ್ದರೆ ಅಂಚು ಸುಟ್ಟು ಕಂಪ್ರೆಷನ್ ಹೋಗುತ್ತದೆ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್ ಎಷ್ಟೋ ಮೇಲು.

ಗೇಜಿನಲ್ಲೂ ಎರಡು ರೀತಿ. ಸರಿ ಅಳತೆಯ ಪಟ್ಟಿಯನ್ನು ಎಳೆದಾಗ ‘ಸ್ವಲ್ಪ ಹಿಡಿದಂತೆ’ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಆ ‘ಸ್ವಲ್ಪ’ ಎಷ್ಟು ಅನ್ನುವುದೇ ಹೊಸಬರ ಗೋಳು. ನನಗೆ ಒಗ್ಗಿದ್ದು ಎರಡು ಪಟ್ಟಿಯ ರೀತಿ: ಮ್ಯಾನ್ಯುಯಲ್‌ನಲ್ಲಿ 0.08 ಇದೆ ಎಂದುಕೊಳ್ಳಿ, 0.07 ಸಲೀಸಾಗಿ ಹೋಗಬೇಕು, 0.10 ಹೋಗಲೇಬಾರದು. ಹೋಯಿತು ಅಥವಾ ಹೋಗಲಿಲ್ಲ, ಅಷ್ಟೇ, ಅನುಮಾನಕ್ಕೆ ಜಾಗವಿಲ್ಲ. ಟ್ಯಾಪೆಟ್ ಕಿಂಡಿ ಇಕ್ಕಟ್ಟು, ನೇರ ಪಟ್ಟಿ ಓರೆಯಾಗಿ ನುಗ್ಗಿ ಸುಳ್ಳು ಹೇಳುತ್ತದೆ. ತುದಿ ಬಾಗಿದ ಪಟ್ಟಿಯ ಸೆಟ್ಟನ್ನೇ ಕೊಳ್ಳಿ.

ಗ್ಯಾಪ್ ಸೆಟ್ ಆದ ಮೇಲೆ ಸ್ಕ್ರೂವನ್ನು ಹಿಡಿದಿಡುವ ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಜೊತೆಗೆ ತಿರುಗಿ ಗ್ಯಾಪ್ ಕಡಿಮೆಯಾಗುತ್ತದೆ. ಸ್ಕ್ರೂವಿನ ಚೌಕ ತಲೆಯನ್ನು ಟ್ಯಾಪೆಟ್ ಕೀಯಿಂದ ಅಲುಗದಂತೆ ಹಿಡಿದುಕೊಂಡು ನಟ್ ಬಿಗಿ ಮಾಡಿ. ಆಮೇಲೆ ಎರಡೂ ಪಟ್ಟಿ ಹಾಕಿ ಮತ್ತೆ ನೋಡಲೇಬೇಕು.

ಸ್ಕ್ರೂ ಲೆಕ್ಕ ಸುಲಭ: ಪಿಚ್ (ಒಂದು ಸುತ್ತಿಗೆ ಸ್ಕ್ರೂ ಸರಿಯುವ ದೂರ) 0.5 ಮಿ.ಮೀ. ಇದ್ದರೆ, ಗ್ಯಾಪ್ ಮುಚ್ಚುವ ತನಕ ಹಗುರಾಗಿ ತಿರುಗಿಸಿ, ಅಲ್ಲಿಂದ ಹತ್ತನೇ ಒಂದು ಸುತ್ತು ಹಿಂದಕ್ಕೆ ಬಿಟ್ಟರೆ 0.05 ಸಿಗುತ್ತದೆ. ಆದರೆ ಎಳೆಯಲ್ಲಿ ಆಟವಿದ್ದರೆ ಲೆಕ್ಕ ತಪ್ಪುತ್ತದೆ, ನಿಮ್ಮ ಸ್ಕ್ರೂ ಪಿಚ್ ಕೂಡ ಖಾತ್ರಿಯಿರಬೇಕು. ಈ ಲೆಕ್ಕ ಗೇಜನ್ನು ಮೀರಿಸುವ ಜಾಗ ಒಂದಿದೆ. ಹಳೆಯ ಬೈಕಿನಲ್ಲಿ ಸ್ಕ್ರೂ ತುದಿಯೋ ವಾಲ್ವ್ ಕಾಂಡದ ತುದಿಯೋ ಸವೆದು ಗುಳಿ ಬಿದ್ದಿರುತ್ತದೆ. ಚಪ್ಪಟೆ ಪಟ್ಟಿ ಗುಳಿಯ ಮೇಲೆ ಹಾದುಹೋಗುವುದರಿಂದ ನಿಜವಾದ ಗ್ಯಾಪ್ ಅದು ತೋರಿಸಿದ್ದಕ್ಕಿಂತ ಹೆಚ್ಚಿರುತ್ತದೆ. ಗೇಜ್ ಸರಿ ಎಂದರೂ ಸದ್ದು ನಿಲ್ಲದಿದ್ದರೆ ಸ್ಕ್ರೂ ಬಿಚ್ಚಿ ತುದಿ ನೋಡಿ, ಸವೆದಿದ್ದರೆ ಬದಲಿಸಿ.

ಇದೆಲ್ಲ ಸ್ಕ್ರೂ ಇರುವ ಇಂಜಿನ್‌ಗಳ ಮಾತು. ರಾಯಲ್ ಎನ್‌ಫೀಲ್ಡ್‌ನ ಯೂಸಿಇ ಇಂಜಿನ್ ಇದ್ದ ಹಳೆಯ ಕ್ಲಾಸಿಕ್ 350ರಲ್ಲಿ ಹೈಡ್ರಾಲಿಕ್ ಟ್ಯಾಪೆಟ್, ಆಯಿಲ್ ಒತ್ತಡದಿಂದ ತಾನೇ ಸರಿಹೊಂದುತ್ತದೆ, ಸೆಟ್ ಮಾಡಲು ಏನೂ ಇಲ್ಲ. ಕೆಟಿಎಂ ಡ್ಯೂಕ್ 390ರಲ್ಲಿ ಸ್ಕ್ರೂ ಬದಲು ಶಿಮ್ (ಲೆಕ್ಕದ ದಪ್ಪದ ಪುಟ್ಟ ಬಿಲ್ಲೆ): ಗ್ಯಾಪ್ ಅಳೆಯುವುದು ಗೇಜಿನಲ್ಲೇ, ಅದನ್ನು ಬದಲಿಸಬೇಕಾದರೆ ಬೇರೆ ದಪ್ಪದ ಶಿಮ್ ಹಾಕಬೇಕು. ಆ ಇಂಜಿನ್ನನ್ನು ಮೊದಲ ಕಲಿಕೆಗೆ ಆರಿಸಿಕೊಳ್ಳಬೇಡಿ.