ಥೀಲೆ ಟ್ಯೂಬ್ ಸೆಟ್: ಅಗ್ಗದ ಗಾಜು, ನಂಬಬಹುದಾದ ಕುದಿಬಿಂದು, ಒಂದು ದೊಡ್ಡ ಕೊರತೆ

ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಬಾಯ್ಲಿಂಗ್ ಪಾಯಿಂಟ್ ಸೆಟ್ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಇಷ್ಟು: ಬೋರೋಸಿಲಿಕೇಟ್ ಥೀಲೆ ಟ್ಯೂಬ್ (ಎಣ್ಣೆ ತುಂಬಿ ಕಾಯಿಸುವ, ಪಕ್ಕಕ್ಕೆ ಬಾಗಿದ ತೋಳಿರುವ ಗಾಜಿನ ಕೊಳವೆ), ಒಂದಿಷ್ಟು ಫ್ಯೂಷನ್ ಟ್ಯೂಬು (ಒಂದು ತುದಿ ಮುಚ್ಚಿದ ಪುಟ್ಟ ಗಾಜಿನ ಕೊಳವೆ), ಒಂದು ಡಬ್ಬಿ ಕ್ಯಾಪಿಲರಿ (ಕೂದಲಿನಂಥ ಸಣ್ಣ ರಂಧ್ರದ ಗಾಜಿನ ನಳಿಕೆ), 360 ಡಿಗ್ರಿವರೆಗಿನ ಪಾದರಸದ ಥರ್ಮಾಮೀಟರ್. ಇದರಲ್ಲಿ ಕುದಿಬಿಂದು ಅಳೆಯುವ ಸಿವೊಲೊಬಾಫ್ ವಿಧಾನ 1886ರದು. ಹಳೆಯದೆಂದು ಮೂಗು ಮುರಿಯಬೇಕಿಲ್ಲ. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ ಕುದಿಬಿಂದು ಪರೀಕ್ಷೆಯ ಮಾರ್ಗಸೂಚಿ 103 ಒಪ್ಪಿಕೊಂಡ ವಿಧಾನಗಳಲ್ಲಿ ಇದೂ ಇದೆ. ನಾಲ್ಕೈದು ಹನಿ ಮಾದರಿ ಸಾಕು. ವಿಷಕಾರಿ ದ್ರವವಾದರೆ ಅದೇ ದೊಡ್ಡ ಲಾಭ.

ಫ್ಯೂಷನ್ ಟ್ಯೂಬಿಗೆ ದ್ರವ ಹಾಕಿ, ಒಂದು ತುದಿ ಮುಚ್ಚಿದ ಕ್ಯಾಪಿಲರಿಯನ್ನು ತೆರೆದ ಬಾಯಿ ಕೆಳಗೆ ಮಾಡಿ ಇಳಿಬಿಡಿ. ಟ್ಯೂಬನ್ನು ಥರ್ಮಾಮೀಟರಿಗೆ ಕಟ್ಟುವಾಗ ದ್ರವ ಪಾದರಸದ ಬುರುಡೆಯ ಮಟ್ಟಕ್ಕೇ ಇರಲಿ. ಎರಡನ್ನೂ ಥೀಲೆ ಟ್ಯೂಬಿನ ಎಣ್ಣೆಯಲ್ಲಿ ಇಳಿಬಿಡಿ. ರಬ್ಬರ್ ಬ್ಯಾಂಡ್ ಎಣ್ಣೆಗಿಂತ ಸಾಕಷ್ಟು ಮೇಲಿರಬೇಕು. ಕಾದ ಎಣ್ಣೆ ಹಿಗ್ಗಿ ಮೇಲೇರಿ ತಾಗಿದರೆ ಬ್ಯಾಂಡ್ ಕಡಿದು ಟ್ಯೂಬ್ ಎಣ್ಣೆಯೊಳಗೆ. ಥೀಲೆ ಟ್ಯೂಬಿನ ಪಕ್ಕದ ತೋಳನ್ನು ಮೊದಲು ನಿಮಿಷಕ್ಕೆ 3 ಡಿಗ್ರಿಯಂತೆ ಕಾಯಿಸಿ, ನಿರೀಕ್ಷಿತ ಬಿಂದುವಿಗೆ 10 ಡಿಗ್ರಿ ಇರುವಾಗ 1 ಡಿಗ್ರಿಗಿಂತ ಕಡಿಮೆಗೆ ಇಳಿಸಿ.

ತಪ್ಪುವುದು ಓದುವ ಗಳಿಗೆಯಲ್ಲಿ. ಮೊದಲು ಬಿಟ್ಟು ಬಿಟ್ಟು ಬರುವ ಗುಳ್ಳೆಗಳು ಕ್ಯಾಪಿಲರಿಯೊಳಗಿನ ಗಾಳಿ, ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಗುಳ್ಳೆಗಳು ಮಣಿಸರದಂತೆ ಎಡೆಬಿಡದೆ ಬಂದಾಗ ಉರಿ ತೆಗೆಯಿರಿ. ಸರ ತೆಳುವಾಗುತ್ತದೆ, ಕೊನೆಯ ಗುಳ್ಳೆ ಬಾಯಲ್ಲೇ ನಿಲ್ಲುತ್ತದೆ, ದ್ರವ ಫಕ್ಕನೆ ಕ್ಯಾಪಿಲರಿಯೊಳಗೆ ಏರುತ್ತದೆ. ಆ ಕ್ಷಣದ ತಾಪವೇ ಕುದಿಬಿಂದು. ಇನ್ನೊಮ್ಮೆ ಮಾಡಲು ಹೊಸ ಕ್ಯಾಪಿಲರಿ ಬೇಕು. ದ್ರವ ಕಪ್ಪಾಗಿ, ತಣಿದರೂ ಗುಳ್ಳೆ ನಿಲ್ಲದಿದ್ದರೆ ಅದು ಕುದಿಯುತ್ತಿಲ್ಲ, ವಿಘಟನೆಯಾಗುತ್ತಿದೆ. ವರದಿಯಲ್ಲೂ ಹಾಗೆಯೇ ಬರೆಯಿರಿ.

ಸೆಟ್ಟಿನಲ್ಲಿ ಇಲ್ಲದ್ದು ಬ್ಯಾರೋಮೀಟರ್. ಮಂಗಳೂರಿನಲ್ಲಿ ಅದಿಲ್ಲದೆ ಹೇಗೋ ನಡೆದೀತು, ಬೆಂಗಳೂರಿನಲ್ಲಿ ನಡೆಯದು. ಸುಮಾರು 920 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಪಾದರಸದ 685 ಮಿ.ಮೀ. ಆಸುಪಾಸು (ಸಮುದ್ರಮಟ್ಟದಲ್ಲಿ 760), ನೀರು ಕುದಿಯುವುದೇ 97ರಲ್ಲಿ. ಪೆಂಟೇನ್ ತೆಗೆದುಕೊಳ್ಳಿ. ಅದರ ನಿಜವಾದ ಕುದಿಬಿಂದು 36.1 ಡಿಗ್ರಿ, ಬೆಂಗಳೂರಿನ ಮೇಜಿನ ಮೇಲೆ ಸಿಗುವುದು 33ರ ಹತ್ತಿರ. ರಾಸಾಯನಿಕಗಳ ಅಪಾಯ ವಿಂಗಡಿಸುವ ಜಿಎಚ್ಎಸ್ ವರ್ಗೀಕರಣದಲ್ಲಿ, ಬೆಂಕಿ ಹತ್ತುವ ದ್ರವದ ಫ್ಲ್ಯಾಶ್ ಪಾಯಿಂಟ್ (ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಕನಿಷ್ಠ ತಾಪ) 23ಕ್ಕಿಂತ ಕಡಿಮೆಯಿದ್ದು ಆರಂಭಿಕ ಕುದಿಬಿಂದು 35 ಅಥವಾ ಅದಕ್ಕಿಂತ ಕಡಿಮೆಯಾದರೆ ಒಂದನೇ ವರ್ಗ, ಮೇಲಿದ್ದರೆ ಎರಡನೆಯದು. ತಿದ್ದದೆ ಬರೆದ 33 ಪೆಂಟೇನನ್ನು ತಪ್ಪು ವರ್ಗಕ್ಕೆ ತಳ್ಳಿಬಿಡುತ್ತದೆ. ತಿದ್ದುಪಡಿ ಸುಲಭ: 760ರಿಂದ ಅಂದಿನ ಒತ್ತಡ ಕಳೆದು, ಉಳಿದದ್ದನ್ನು ಕೆಲ್ವಿನ್ ತಾಪದಿಂದಲೂ 0.00012ರಿಂದಲೂ ಗುಣಿಸಿ, ಬಂದದ್ದನ್ನು ಓದಿದ ತಾಪಕ್ಕೆ ಕೂಡಿಸಿ. ನೀರು, ಆಲ್ಕೊಹಾಲುಗಳಿಗೆ 0.00010. ಹವಾಮಾನದ ಆಪ್ ತೋರಿಸುವ ಒತ್ತಡ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ್ದು, ಈ ಲೆಕ್ಕಕ್ಕೆ ಬಾರದು.

ತಿದ್ದಿದ ಮೇಲೂ ಈ ವಿಧಾನದ ನಿಖರತೆ ಹೆಚ್ಚುಕಡಿಮೆ 2 ಡಿಗ್ರಿ. ಟೊಲ್ವೀನ್ 110 ಬಂದರೇನು, 112 ಬಂದರೇನು, ವರ್ಗ ಬದಲಾಗದು. ಉತ್ತರ 33ರಿಂದ 37ರೊಳಗೆ ಬಿತ್ತೋ, ಆಗ ಈ ಗಾಜಿನ ಮಾತಿನ ಮೇಲೆ ಲೇಬಲ್ ಅಂಟಿಸಬೇಡಿ. ಡೈನಾಮಿಕ್ ವಿಧಾನ (ದ್ರವ ಕುದಿಯುತ್ತಿರುವಾಗ ಮರಳಿ ದ್ರವವಾಗುವ ಆವಿಯ ತಾಪ ಅಳೆಯುವುದು) ಇರುವ ಲ್ಯಾಬಿಗೆ ಕಳಿಸಿ.

ಪೆಂಟೇನ್, ಈಥರ್‌ಗಳಿಗೆ ಬರ್ನರ್ ಹಚ್ಚಲೇಬಾರದು. ಬೀಕರಿನ ಬಿಸಿನೀರಿನಲ್ಲಿ, ಫ್ಯೂಮ್ ಹುಡ್ ಒಳಗೆ ಕೆಲಸ ಮುಗಿಯುತ್ತದೆ. ಬೇಸಿಗೆಯಲ್ಲಿ ಟ್ಯೂಬನ್ನು ಮೊದಲು ಐಸ್‌ನಲ್ಲಿಡಿ. ಹಳೆಯ ಈಥರ್ ಬಾಟಲಿಯಾದರೆ ಪೆರಾಕ್ಸೈಡ್ ಪರೀಕ್ಷೆ ಮಾಡದೆ ಬಿಸಿಗೆ ಇಡಬೇಡಿ. ಎಣ್ಣೆಯಲ್ಲಿ ನೀರಿನ ಹನಿ ಸೇರಿದ್ದರೆ 100 ದಾಟಿದೊಡನೆ ಸಿಡಿಯುತ್ತದೆ. ಟ್ಯೂಬ್ ತೊಳೆದ ದಿನವೇ ಎಣ್ಣೆ ತುಂಬುವ ಆತುರ ಬೇಡ.

ಥಿನ್ನರ್‌ನಂಥ ಮಿಶ್ರಣಗಳಿಗೆ ಈ ಸೆಟ್ ಕೊಳ್ಳುವುದು ದಂಡ. ಅಲ್ಲಿ ಬೇಕಾದದ್ದು ಆರಂಭಿಕ ಕುದಿಬಿಂದು. ಪೆಟ್ರೋಲ್‌ಗೆ ಮಾಡುವಂತೆ 100 ಮಿ.ಲೀ. ಮಾದರಿಯನ್ನು ಬಟ್ಟಿಯಿಳಿಸಿ, ಕಂಡೆನ್ಸರಿನ ತುದಿಯಿಂದ ಮೊದಲ ಹನಿ ಬೀಳುವಾಗಿನ ಆವಿಯ ತಾಪ ಓದಬೇಕು. ಶುದ್ಧ ದ್ರಾವಕಗಳಿಗಾದರೆ ಕೊಳ್ಳಿ, ಮೇಲೆ ಒಂದು ಬ್ಯಾರೋಮೀಟರಿಗೂ ದುಡ್ಡು ಎತ್ತಿಡಿ.