ಬಚ್ಚಲುಮನೆಯ ಒಳಚಿಲಕ: ಅಪ್ಪ ಅಮ್ಮ ಊರಲ್ಲಿ ಒಬ್ಬರೇ ಇದ್ದರೆ ದಯವಿಟ್ಟು ಓದಿ

ನಿಮ್ಮ ಅಪ್ಪನೋ ಅಮ್ಮನೋ ಊರಲ್ಲಿ ಒಬ್ಬರೇ ಇದ್ದಾರಾ? ಹಾಗಿದ್ದರೆ ಇವತ್ತೇ ಫೋನ್ ಮಾಡಿ ಒಂದು ವಿಷಯ ಕೇಳಿ. ಬಚ್ಚಲುಮನೆ ಬಾಗಿಲು ಒಳಕ್ಕೆ ತೆರೆಯುತ್ತದಾ, ಹೊರಕ್ಕೆ ತೆರೆಯುತ್ತದಾ? ನನಗೆ ಈ ಪ್ರಶ್ನೆ ಯಾವತ್ತೂ ಹೊಳೆದಿರಲಿಲ್ಲ. ಹೊಳೆಯುವ ಹೊತ್ತಿಗೆ ನನ್ನ ಅಮ್ಮ ಒದ್ದೆ ನೆಲದ ಮೇಲೆ ನಾಲ್ಕು ಗಂಟೆ ಬಿದ್ದಿದ್ದಳು.

ಅಮ್ಮನಿಗೆ 76 ವರ್ಷ. ಮೈಸೂರಿನಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅಪ್ಪ ಹೋಗಿ ಆರು ವರ್ಷವಾಯಿತು. ನಾನು ಬೆಂಗಳೂರಿನಲ್ಲಿ, ಅಣ್ಣ ಪುಣೆಯಲ್ಲಿ. ನಮ್ಮ ಜೊತೆ ಬಾ ಅಂದರೆ ಬರುತ್ತಾಳೆ, ಹದಿನೈದನೇ ದಿನಕ್ಕೆ ಬ್ಯಾಗ್ ತುಂಬಿಕೊಂಡು ಕೂತಿರುತ್ತಾಳೆ. ಅವಳ ತುಳಸಿಕಟ್ಟೆ, ಬಾಗಿಲಿಗೆ ಬರುವ ಹೂವಿನಾಕೆ, ಸಂಜೆ ಪಾರ್ಕಿನ ಗೆಳತಿಯರು ಎಲ್ಲ ಅಲ್ಲೇ. ಅಲ್ಲಿ ಇರಬೇಕು ಅನ್ನುವ ಅವಳ ಆಸೆ ತಪ್ಪು ಅಂತ ನನಗೆ ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಅದಕ್ಕೇ ಅವಳ ಮನೆಗೆ ಎರಡು ವಸ್ತು ತಂದುಹಾಕಿದ್ದೆ. ಒಂದು, ಹಾಲ್‌ನಲ್ಲಿ ಕ್ಯಾಮೆರಾ. ಇನ್ನೊಂದು, ಕುತ್ತಿಗೆಗೆ ಹಾಕಿಕೊಳ್ಳುವ ತುರ್ತು ಬಟನ್. "ಬಿದ್ದರೆ ಒತ್ತಿದರೆ ಸಾಕು, ನಮ್ಮ ಕಾಲ್ ಸೆಂಟರ್‌ನವರು ನಿಮಗೂ ಫೋನ್ ಮಾಡ್ತಾರೆ, ಆಂಬುಲೆನ್ಸ್‌ಗೂ ಮಾಡ್ತಾರೆ" ಅಂದಿದ್ದರು ಮಾರಿದವರು. 11,500 ರೂಪಾಯಿ. ವರ್ಷದ ಶುಲ್ಕ ಬೇರೆ. ಕೊಟ್ಟು ಬಂದ ರಾತ್ರಿ ನೆಮ್ಮದಿಯಾಗಿ ಮಲಗಿದೆ. ಈಗ ಯೋಚಿಸಿದರೆ, ಅವೆರಡನ್ನೂ ನಾನು ಕೊಂಡಿದ್ದು ನನ್ನ ನಿದ್ದೆಗೆ.

ಧನುರ್ಮಾಸ. ಅಮ್ಮ ನಾಲ್ಕೂವರೆಗೇ ಎದ್ದು ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗುತ್ತಿದ್ದಳು. ಅವತ್ತೂ ಎದ್ದಳು. ಸ್ನಾನ ಮುಗಿಸಿ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದಂತಾಯಿತಂತೆ. ಪಕ್ಕದಲ್ಲಿದ್ದ ಟವೆಲ್ ರಾಡ್ ಹಿಡಿದುಕೊಂಡಳು. ಅದು ಗೋಡೆಯಿಂದ ಕಿತ್ತು ಕೈಗೇ ಬಂತು. ಆಮೇಲೆ ನಾನು ಆ ಗೋಡೆ ನೋಡಿದೆ. ಎರಡು ಸಣ್ಣ ತೂತು, ಅದರಲ್ಲಿ ಪ್ಲಾಸ್ಟಿಕ್ ಗಟ್ಟಿ. ಸ್ಕ್ರೂ ಉದ್ದ ನನ್ನ ಕಿರುಬೆರಳಿನ ಎರಡು ಗೆಣ್ಣಿನಷ್ಟೂ ಇರಲಿಲ್ಲ. ಒದ್ದೆ ಟವೆಲ್ ಹೊರುವುದಕ್ಕೆ ಹಾಕಿದ್ದು ಅದು. ಅಮ್ಮ ಎಷ್ಟೋ ವರ್ಷದಿಂದ ಅದನ್ನೇ ಹಿಡಿದು ಏಳುತ್ತಿದ್ದಳು. ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಬಿದ್ದಿದ್ದು ಬಾಗಿಲಿಗೆ ಅಡ್ಡವಾಗಿ. ಒಳಗಿನಿಂದ ಚಿಲಕ ಹಾಕಿದೆ. ಬಲಗಾಲು ಅಲ್ಲಾಡಿಸಲು ಆಗುತ್ತಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿದ್ದ ಸೀರೆಯ ತುದಿ ಕೈಗೆ ಸಿಕ್ಕಿತು, ಎಳೆದು ಮೈಮೇಲೆ ಹಾಕಿಕೊಂಡಳು. ಚೊಂಬು ತೆಗೆದುಕೊಂಡು ಬಕೆಟ್ ಮೇಲೆ ಬಡಿದಳು. ಬಡಿದಳು, ಸುಸ್ತಾಯಿತು, ಮತ್ತೆ ಬಡಿದಳು. ಪಕ್ಕದ ಮನೆಯವರಿಗೆ ಕೇಳಿಸಿತ್ತು. ಯಾರೋ ಏನೋ ಕೆಲಸ ಮಾಡುತ್ತಿದ್ದಾರೆ ಅಂದುಕೊಂಡರಂತೆ. ಅವರದು ತಪ್ಪಲ್ಲ.

ಫೋನ್ ಹಾಲ್‌ನಲ್ಲಿ ಚಾರ್ಜ್‌ಗೆ ಹಾಕಿತ್ತು. ಬಟನ್ ಕನ್ನಡಿ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ನೀರು ತಾಗಿದರೆ ಹಾಳಾಗುತ್ತದೆ ಅಂತ ದಿನಾ ಸ್ನಾನಕ್ಕೆ ಮೊದಲು ತೆಗೆದಿಡುತ್ತಿದ್ದಳು.

ಇನ್ನು ನಾನು. ಬೆಳಗ್ಗೆ ಆರೂವರೆಗೆ ಕ್ಯಾಮೆರಾ ನೋಡಿದೆ. ಹಾಲ್‌ನಲ್ಲಿ ದೀಪ ಉರಿಯುತ್ತಿತ್ತು, ಕುರ್ಚಿ ಖಾಲಿ. ದೇವಸ್ಥಾನದಿಂದ ಇನ್ನೂ ಬಂದಿಲ್ಲ, ಹುಗ್ಗಿ ಪ್ರಸಾದಕ್ಕೆ ಸಾಲು ಜಾಸ್ತಿ ಇರಬೇಕು ಅಂದುಕೊಂಡು ಮಗಳ ಡಬ್ಬಿ ಕಟ್ಟಲು ಹೋದೆ. ಆ ಹೊತ್ತಿಗೆ ಅಮ್ಮ ಆ ಹಾಲ್‌ನಿಂದ ಹತ್ತು ಹೆಜ್ಜೆ ದೂರದಲ್ಲಿ ಬಕೆಟ್ ಬಡಿಯುತ್ತಿದ್ದಳು.

ಅಮ್ಮನನ್ನು ಉಳಿಸಿದ್ದು ಹೂವಿನಾಕೆ. ಗೇಟಿಗೆ ನೇತುಹಾಕಿದ ಚೀಲದಲ್ಲಿ ನಂದಿನಿ ಪ್ಯಾಕೆಟ್ ಎಂಟೂಕಾಲಾದರೂ ಹಾಗೇ ಇರುವುದನ್ನು ನೋಡಿ ಎದುರುಮನೆ ಆಂಟಿಗೆ ಹೇಳಿದರು. ಆಂಟಿ ಬಂದು ನೋಡಿದರೆ ಗ್ರಿಲ್ ಬೀಗ ಒಳಗಿನಿಂದ ಹಾಕಿದೆ. ಅಂದರೆ ಅಮ್ಮ ಒಳಗೇ ಇದ್ದಾಳೆ. ಒಳಗೆ ಫೋನ್ ರಿಂಗಾಗುತ್ತಿದೆ, ಯಾರೂ ಎತ್ತುತ್ತಿಲ್ಲ. ಬೀಗದ ಕೈ ಇನ್ನೊಂದು ಇದೆಯಾ ಅಂತ ನನಗೆ ಫೋನ್ ಮಾಡಿದರು. ಇತ್ತು. ಬೆಂಗಳೂರಿನಲ್ಲಿ, ನನ್ನ ಬೀರುವಿನಲ್ಲಿ.

ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಇಂಜಿನಿಯರಿಂಗ್ ಹುಡುಗ ಬಚ್ಚಲುಮನೆಯ ಗವಾಕ್ಷಿಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಕಳಚಿ, ಅದರೊಳಗೆ ನುಸುಳಿ ಇಳಿದ. ಚಿಲಕ ತೆಗೆದರೂ ಬಾಗಿಲು ಬರಲಿಲ್ಲ. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅಡ್ಡ ಅಮ್ಮ ಇದ್ದಾಳೆ. ಮುರಿದ ಕಾಲಿನವಳನ್ನು ಅಷ್ಟಿಷ್ಟೇ ಸರಿಸಿ ಬಾಗಿಲು ತೆಗೆಯಬೇಕಾಯಿತು. ಆ ನೋವು ಇವತ್ತಿಗೂ ಅವಳ ಬಾಯಲ್ಲಿ ಬರುವುದಿಲ್ಲ. "ಆ ಹುಡುಗ ಅಳ್ತಿದ್ದ ಕಣೇ" ಅಂತ ಮಾತ್ರ ಹೇಳುತ್ತಾಳೆ.

108 ಬಂತು. ಬಲಗಾಲು ಗಿಡ್ಡವಾದಂತೆ ಕಾಣುತ್ತಿತ್ತು, ಪಾದ ಹೊರಕ್ಕೆ ತಿರುಗಿತ್ತು. ಹೀಗೆ ಕಂಡರೆ ಸೊಂಟದ ಹತ್ತಿರ ತೊಡೆಮೂಳೆ ಮುರಿದಿರುವ ಸಾಧ್ಯತೆ ಜಾಸ್ತಿ. ದಯವಿಟ್ಟು ತೋಳು ಹಿಡಿದು ಎತ್ತಿ ನಿಲ್ಲಿಸಲು ಹೋಗಬೇಡಿ. ಬೆಚ್ಚಗೆ ಹೊದಿಸಿ, ಆಂಬುಲೆನ್ಸ್ ಬರುವ ತನಕ ಜೊತೆಗಿರಿ.

ಆಸ್ಪತ್ರೆಯಲ್ಲಿ ಡಾಕ್ಟರು ಮೂಳೆಗಿಂತ ಮೊದಲು ಕೇಳಿದ್ದು, ಎಷ್ಟು ಹೊತ್ತು ನೆಲದ ಮೇಲಿದ್ದರು ಅಂತ. ನನಗೆ ಇದು ಹೊಸ ವಿಷಯ. ಒಂದೇ ಮಗ್ಗುಲಲ್ಲಿ ತುಂಬಾ ಹೊತ್ತು ಬಿದ್ದಿದ್ದರೆ ಕೆಳಗೆ ಒತ್ತಿದ ಮಾಂಸಖಂಡ ಹಾಳಾಗುತ್ತದೆ. ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಅಮ್ಮನ ಮೂತ್ರ ಕಡು ಬಣ್ಣಕ್ಕೆ ತಿರುಗಿತ್ತು. ರಕ್ತ ಪರೀಕ್ಷೆ ಮೇಲೆ ಪರೀಕ್ಷೆ, ಬಾಟಲಿ ಮೇಲೆ ಬಾಟಲಿ ಸಲೈನ್. ಕಿಡ್ನಿ ತಪ್ಪಿಸಿಕೊಂಡಿತು. ಮಾರನೇ ದಿನ ಆಪರೇಷನ್ ಮಾಡಿ ಅರ್ಧ ಕೀಲು ಬದಲಾಯಿಸಿದರು. ಹಾಗಾಗಿ ಬೀಳದಂತೆ ನೋಡಿಕೊಳ್ಳುವುದು ಅರ್ಧ ಕೆಲಸ. ಬಿದ್ದರೆ ಎಷ್ಟು ಬೇಗ ಯಾರಾದರೂ ಹತ್ತಿರ ಹೋಗುತ್ತಾರೆ ಅನ್ನುವುದು ಇನ್ನರ್ಧ. ನಾನು ಎರಡನೆಯದನ್ನು ಒಂದು ಕಂಪನಿಗೆ ವಹಿಸಿ ಕೈತೊಳೆದುಕೊಂಡಿದ್ದೆ.

ಆ ಬಟನ್ ಕಥೆ ಹೇಳುತ್ತೇನೆ. ಆಸ್ಪತ್ರೆಯಿಂದ ಬಟ್ಟೆ ತರಲು ಮನೆಗೆ ಹೋದಾಗ, ಮೊಳೆಯಿಂದ ತೆಗೆದು ಒತ್ತಿ ನೋಡಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಕಂಪನಿಗೆ ಫೋನ್ ಮಾಡಿದರೆ, "ಮೇಡಂ, ಅಕ್ಟೋಬರ್‌ನಿಂದ ನಿಮ್ಮ ಸರ್ವಿಸ್ ಆಕ್ಟಿವ್ ಇಲ್ಲ" ಅಂದರು. ಒಳಗಿನ ಸಿಮ್ ಬಂದ್ ಆಗಿ ಮೂರು ತಿಂಗಳು. ನೆನಪಿನ ಮೆಸೇಜ್‌ಗಳು ಅಣ್ಣನ ಹಳೇ ನಂಬರಿಗೆ ಹೋಗಿದ್ದವಂತೆ. ಒಂದು ಸಲವೂ ಯಾರೂ ಫೋನ್ ಮಾಡಿ ಹೇಳಲಿಲ್ಲ. ಇನ್ನೊಂದು ವಿಷಯ ಕೇಳಿ ಹೊಟ್ಟೆ ಉರಿಯಿತು. ಅದು ನೀರು ತಾಗಿದರೂ ಹಾಳಾಗದಂಥದ್ದಂತೆ. ಸ್ನಾನಕ್ಕೂ ಹಾಕಿಕೊಂಡೇ ಹೋಗಬಹುದಿತ್ತು. ಅದನ್ನು ಅಮ್ಮನಿಗೆ ಕನ್ನಡದಲ್ಲಿ ಯಾರೂ ಹೇಳಿರಲಿಲ್ಲ. ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನೂ ಓದಿರಲಿಲ್ಲ.

ಇಂಥದ್ದನ್ನು ಕೊಳ್ಳಬೇಡಿ ಅಂತ ಹೇಳುತ್ತಿಲ್ಲ. ಕೊಂಡರೆ ತಿಂಗಳಿಗೊಂದು ಸಲ ಅವರ ಕೈಯಲ್ಲೇ ಒತ್ತಿಸಿ. ಯಾರಿಗೆ ಫೋನ್ ಬರುತ್ತದೆ, ಅವರು ಎತ್ತುತ್ತಾರಾ, ಎತ್ತಿದವರ ಹತ್ತಿರ ಬೀಗದ ಕೈ ಇದೆಯಾ, ಅಲ್ಲಿವರೆಗೂ ನೋಡಿ. ಬಚ್ಚಲುಮನೆ ಬಾಗಿಲು ಮುಚ್ಚಿಕೊಂಡು ಒತ್ತಿ ನೋಡಿ.

ಕಣ್ಣು ಕತ್ತಲೆ ಯಾಕೆ ಬಂತು ಅಂತ ಹುಡುಕಿದ್ದು ಆಮೇಲೆ. ಮಲಗಿದ್ದಾಗ ಬಿಪಿ ನೋಡಿದರು, ಎದ್ದು ನಿಲ್ಲುವಂತಾದ ಮೇಲೆ ನಿಲ್ಲಿಸಿ ಮತ್ತೆ ನೋಡಿದರು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅದು ಗಮನಿಸಬೇಕಾದ ವಿಷಯವಂತೆ. ಅಮ್ಮನದು 28 ಇಳಿಯಿತು. ಬಿಪಿ ಮಾತ್ರೆ ಎರಡು ಥರದ್ದು ನಡೆಯುತ್ತಿತ್ತು. ಜೊತೆಗೆ ಅಪ್ಪ ಹೋದಾಗ ನಿದ್ದೆ ಬರಲಿ ಅಂತ ಕೊಟ್ಟ ಅರ್ಧ ಮಾತ್ರೆಯನ್ನು ಆರು ವರ್ಷದಿಂದ ಮೆಡಿಕಲ್ ಶಾಪಿನಿಂದ ತಂದು ನುಂಗುತ್ತಿದ್ದಳು. ನಿದ್ದೆ ಮಾತ್ರೆ ವಯಸ್ಸಾದವರಲ್ಲಿ ಬೀಳುವ ಅಪಾಯ ಹೆಚ್ಚಿಸುತ್ತದೆ. ಹಾಗಂತ ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ಡಾಕ್ಟರು ವಾರವಾರ ಸ್ವಲ್ಪ ಸ್ವಲ್ಪ ಇಳಿಸಿದರು. ನಿಮ್ಮ ಮನೆಯ ಹಿರಿಯರ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಒಬ್ಬರೇ ಡಾಕ್ಟರ ಮುಂದೆ ಸುರಿಯಿರಿ. ಚೀಟಿಯಲ್ಲಿ ಇರುವುದು ಒಂದು, ಡಬ್ಬಿಯಲ್ಲಿ ಇರುವುದು ಇನ್ನೊಂದು.

ಇನ್ನು ನರ್ಸಿಂಗ್ ಏಜೆನ್ಸಿ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ತರಬೇತಿ ಆದವರು ಅಂತ ಹೇಳಿ ಒಂದು ತಿಂಗಳ ಹಣ ಮುಂಗಡ ತೆಗೆದುಕೊಂಡರು. ಬಂದ ಹುಡುಗಿಗೆ ವಾಕರ್ ಹಿಡಿಸುವುದೂ ಗೊತ್ತಿರಲಿಲ್ಲ, ಪಾಪ ಅವಳಿಗೆ ಯಾರೂ ಕಲಿಸಿರಲಿಲ್ಲ. ಮೂರನೇ ದಿನ ಹೊರಟುಹೋದಳು. ಬದಲಿ ಬರಲಿಲ್ಲ, ಹಣವೂ ಬರಲಿಲ್ಲ. ಮುಂಗಡ ಕೊಡುವ ಮೊದಲು ಪೊಲೀಸ್ ಪರಿಶೀಲನೆಯ ಕಾಗದ ಕೇಳಿ. ಮಧ್ಯದಲ್ಲಿ ಬಿಟ್ಟುಹೋದರೆ ಎಷ್ಟು ದಿನದಲ್ಲಿ ಬದಲಿ, ಇಲ್ಲದಿದ್ದರೆ ಎಷ್ಟು ಹಣ ವಾಪಸ್ ಅಂತ ಬರೆಸಿಕೊಳ್ಳಿ.

ಮನೆ ಮಾರಿ ಅಮ್ಮನನ್ನು ಕರೆದುಕೊಂಡು ಬಂದುಬಿಡೋಣ ಅಂದ ಅಣ್ಣ. ಅಮ್ಮ ವಾಕರ್ ಹಿಡಿದು ನಿಂತುಕೊಂಡೇ ಹೇಳಿದಳು, "ಬಿದ್ದಿದ್ದು ನಾನು. ಮನೆ ಬಿದ್ದಿಲ್ಲ." ಅಲ್ಲಿಗೆ ಆ ಮಾತು ಮುಗಿಯಿತು. ನಾನು ರಜೆ ಹಾಕಿ ಬಡಗಿಯನ್ನು ಕರೆಸಿದೆ.

ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದ, ಒಂದು ದಿನದ ಕೆಲಸ. ಒಳಚಿಲಕ ಕಿತ್ತುಹಾಕಿದ. ಟವೆಲ್ ರಾಡ್ ಇದ್ದ ಜಾಗದಲ್ಲಿ ಸ್ಟೀಲಿನ ಹಿಡಿಕೆ ಬಂತು. ಟೈಲ್ಸ್‌ಗೆ ಅಂಟಿಸುವ ರಬ್ಬರ್ ಬಟ್ಟಲಿನ ಹಿಡಿಕೆ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಅದನ್ನು ನಂಬಬೇಡಿ. ಗೋಡೆಯ ಇಟ್ಟಿಗೆ ತನಕ ಕೊರೆದು ಬೋಲ್ಟ್ ಕೂರಿಸಬೇಕು. ಕೂರಿಸಿದ ಮೇಲೆ ನಾನು ನನ್ನ ಪೂರ್ತಿ ಭಾರ ಬಿಟ್ಟು ಜೋತುಬಿದ್ದು ನೋಡಿದೆ. ಸ್ನಾನಕ್ಕೆ ಕಾಲಿಗೆ ರಬ್ಬರ್ ಇರುವ ಗಟ್ಟಿ ಕುರ್ಚಿ. ತಳ ಸವೆದ ಹವಾಯಿ ಚಪ್ಪಲಿ ಕಸಕ್ಕೆ. ಹಾಸಿಗೆಯಿಂದ ಬಚ್ಚಲಿನ ತನಕ ರಾತ್ರಿ ತಾನಾಗಿ ಹತ್ತುವ ಪುಟ್ಟ ದೀಪಗಳು. ಎದ್ದ ತಕ್ಷಣ ನಡೆಯದೆ, ಕಾಲು ಇಳಿಬಿಟ್ಟು ಎರಡು ನಿಮಿಷ ಮಂಚದ ಮೇಲೆ ಕೂರುವುದು. ಬೀಗದ ಕೈ ಎದುರುಮನೆಯಲ್ಲಿ. ಗ್ರಿಲ್‌ಗೆ ಎರಡೂ ಕಡೆಯಿಂದ ತೆಗೆಯುವ ಬೀಗ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಎದುರುಮನೆಯ ಆ ಹುಡುಗನ ಉಪಾಯ. ವೈರ್ ಇಲ್ಲದ ಸಾಮಾನ್ಯ ಕಾಲಿಂಗ್ ಬೆಲ್ ತಂದ. ನೀರು ತಾಗಿದರೂ ನಡೆಯುವಂಥದ್ದು, ಆರುನೂರು ಚಿಲ್ಲರೆ ರೂಪಾಯಿ. ಅದರ ಗುಂಡಿಯನ್ನು ಬಚ್ಚಲಿನ ಗೋಡೆಗೆ ನೆಲದಿಂದ ಒಂದೇ ಅಡಿ ಎತ್ತರದಲ್ಲಿ ಕೂರಿಸಿದ. ಬಿದ್ದವರ ಕೈಗೆ ಸಿಗಬೇಕಲ್ವಾ? ಗಂಟೆ ಬಾರಿಸುವುದು ರಸ್ತೆಯಾಚೆ ಆಂಟಿಯ ಅಡುಗೆಮನೆಯಲ್ಲಿ. ಪ್ರತಿ ತಿಂಗಳ ಒಂದನೇ ತಾರೀಖು ಅಮ್ಮ ನೆಲದ ಮೇಲೆ ಚೊಂಬು ಇಡುವಷ್ಟು ಬಗ್ಗಿ ಒತ್ತುತ್ತಾಳೆ, ಆಂಟಿ ಕಿಟಕಿಯಿಂದ ಕೈ ಎತ್ತುತ್ತಾರೆ.

ನಂಬರುಗಳ ಬಗ್ಗೆಯೂ ಒಂದು ಮಾತು. ಹಿರಿಯರ ಸಹಾಯವಾಣಿ 14567 ಒಳ್ಳೆಯದೇ, ಮಾಹಿತಿಗೆ, ಕಿರುಕುಳವಾದರೆ, ದಾರಿ ತೋಚದಿದ್ದರೆ ಫೋನ್ ಮಾಡಬಹುದು. ಆದರೆ ಅದು ಬೆಳಗ್ಗೆ 8ರಿಂದ ರಾತ್ರಿ 8ರ ತನಕ. ಬಿದ್ದಾಗ ಬೇಕಾದದ್ದು 108, ಇಲ್ಲವೇ 112. ನಾನು ಅಮ್ಮನ ಫೋನಿನಲ್ಲಿ ತುರ್ತು ಅಂತ ಬರೆದು 14567 ಮಾತ್ರ ಹಾಕಿಟ್ಟಿದ್ದೆ.

ಚಿಲಕ ಇಲ್ಲದ ಬಾಗಿಲಿಗೆ ಅಮ್ಮ ಮೊದಮೊದಲು ಒಪ್ಪಲಿಲ್ಲ. ನಾಚಿಕೆಯ ಪ್ರಶ್ನೆ, ಅದು ಸಣ್ಣದಲ್ಲ. ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಸ್ನಾನಕ್ಕೆ ಹೋಗುವಾಗ ಹೊರಗಿನ ಹಿಡಿಗೆ ಕೆಂಪು ಟವೆಲ್ ಕಟ್ಟುತ್ತಾಳೆ. ಕೆಲಸದಾಕೆ, ಆಂಟಿ, ನಾವು ಮಕ್ಕಳು, ಯಾರೇ ಆದರೂ ಅದು ಇದ್ದರೆ ಬಾಗಿಲು ಮುಟ್ಟುವಂತಿಲ್ಲ. ಅರ್ಧ ಗಂಟೆ ಮೀರಿದರೆ ಮಾತ್ರ ಕೂಗಬೇಕು. ಹೋದ ವಾರ ನಾನು ಅಲ್ಲಿದ್ದೆ. ಇಪ್ಪತ್ತನೇ ನಿಮಿಷಕ್ಕೇ ಕೂಗಿಬಿಟ್ಟೆ. "ಇನ್ನೂ ಹತ್ತು ನಿಮಿಷ ಇದೆ ಕಣೇ" ಅಂತ ಒಳಗಿನಿಂದ ಬೈದಳು.